ಸೂರ್ಯನ ಕಿರೀಟವೂ ಒಂದು ಹಸಿರು ಗೆರೆಯೂ

ಒಲೆಯಿಂದ ದೂರ ಸರಿದಷ್ಟೂ ಕಾವು ಕಡಿಮೆಯಾಗುವುದೆಂಬುದು ಆಬಾಲವೃದ್ಧರಿಗೂ ಗೊತ್ತಿರುವ ಸಂಗತಿ. ಇದಕ್ಕೆ ಶಾಸ್ತ್ರವೂ ಬೇಡ, ಗುರುವೂ ಬೇಡ. ಅಡಿಗೆಯ ಮನೆಯಲ್ಲಿ ಒಂದು ಬೆಳಗು ಕುಳಿತಿದ್ದರೆ ಸಾಕು. ಇಂತಹ ತಪ್ಪದ ಸಂಬಂಧಕ್ಕೆ ನಮ್ಮ ತಾರ್ಕಿಕರು ವ್ಯಾಪ್ತಿಯೆಂದು ಹೆಸರಿಟ್ಟಿದ್ದಾರೆ. ಹೀಗಿರುವಲ್ಲಿ, ಲೋಕಕ್ಕೆಲ್ಲ ಒಲೆಯಾದ ಸೂರ್ಯನೇ ಈ ನಿಯಮವನ್ನು ಮೀರಿ ನಡೆಯುತ್ತಿರುವನೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು? ನಮ್ಮ ಕಣ್ಣಿಗೆ ಕಾಣುವ ಸೂರ್ಯಬಿಂಬದ ಮೇಲ್ಮೈಯಲ್ಲಿ ಉಷ್ಣತೆ ಸುಮಾರು ೫,೫೦೦ ಡಿಗ್ರಿ ಸೆಂಟಿಗ್ರೇಡು. ಆ ಬಿಂಬದ ಸುತ್ತಲೂ ಲಕ್ಷಾಂತರ ಮೈಲಿಗಳವರೆಗೆ ಹರಡಿಕೊಂಡಿರುವ ತೆಳುವಾದ ಪ್ರಭಾವಲಯವೊಂದುಂಟು. ಪಾಶ್ಚಾತ್ಯರು ಅದನ್ನು ಕರೋನ, ಎಂದರೆ ಕಿರೀಟ, ಎಂದು ಕರೆಯುತ್ತಾರೆ. ಅಲ್ಲಿಯ ಉಷ್ಣತೆ ಸಾಮಾನ್ಯವಾಗಿ ಹತ್ತು ಲಕ್ಷದಿಂದ ಇಪ್ಪತ್ತು ಲಕ್ಷ ಡಿಗ್ರಿ. ಒಲೆಗಿಂತ ಒಲೆಯ ಮೇಲಣ ಗಾಳಿಯೇ ಇನ್ನೂರು ಮುನ್ನೂರು ಪಾಲು ಹೆಚ್ಚು ಕಾದಿದೆಯೆಂದಾಯಿತು!

ಈ ಒಗಟನ್ನು ಬಿಡಿಸಲು ಇಂದು ತೊಡಗಿರುವ ಶಾಸ್ತ್ರಕ್ಕೆ ಪ್ಲಾಸ್ಮಾ ಭೌತವಿಜ್ಞಾನವೆಂದು ಹೆಸರು. ನಾನು ಈ ಶಾಸ್ತ್ರದ ಪಂಡಿತನಲ್ಲ. ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನೋದಿ, ಆಮೇಲೆ ಮಕ್ಕಳಿಗೆ ಶಬ್ದವನ್ನೂ ಧಾತುವನ್ನೂ ಬಾಯಿಪಾಠ ಮಾಡಿಸುತ್ತ ಆಯುಷ್ಯವನ್ನು ಕಳೆದವನು. ಆದರೂ ಕೆಲವು ವರ್ಷಗಳಿಂದ ಈ ವಿಷಯವಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಅದಕ್ಕೆ ಎರಡು ಕಾರಣಗಳುಂಟು. ಒಂದನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಸಭೆಗಳಲ್ಲಿ ವಿಜ್ಞಾನದ ಮಾತು ಬಂದಾಗಲೆಲ್ಲ ಯಾರಾದರೊಬ್ಬ ಮಹನೀಯರು ಎದ್ದು ನಿಂತು, ಪ್ಲಾಸ್ಮಾ ಎಂದು ಇವರು ಈಗ ಹೇಳುವುದು ನಮ್ಮ ಪಂಚಭೂತಗಳಲ್ಲಿ ಒಂದಾದ ತೇಜಸ್ಸೇ ಅಲ್ಲದೆ ಬೇರೆಯಲ್ಲ, ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತು ಎಂದು ಘೋಷಿಸುವರು. ಸಭೆ ಚಪ್ಪಾಳೆಯಿಕ್ಕುವುದು. ಬಳಿಕ ಅವರು ನನ್ನ ಕಡೆಗೆ ತಿರುಗಿ, "ಏನು ಆಚಾರ್ಯರೇ, ನೀವು ಶಾಸ್ತ್ರ ಓದಿದವರು, ಹೌದೋ ಅಲ್ಲವೋ ಹೇಳಿ" ಎನ್ನುವರು. ಹೌದೆಂದರೆ ಎಲ್ಲರಿಗೂ ಸಂತೋಷ. ಆದರೆ ಓದಿದ ಶಾಸ್ತ್ರಕ್ಕೆ ಸಾಕ್ಷಿ ನುಡಿಯಬೇಕಾದವನು ಸಂತೋಷವನ್ನಷ್ಟೇ ನೋಡಿ ನುಡಿಯಬಹುದೆ? ಆದುದರಿಂದ ಉತ್ತರವನ್ನು ಸ್ವಲ್ಪ ದೀರ್ಘವಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ಲಾಸ್ಮಾ ಎಂಬ ಮಾತನ್ನೇ ನೋಡೋಣ. ಶಬ್ದವನ್ನು ಕಂಡ ಕೂಡಲೆ ಧಾತುವನ್ನು ಹುಡುಕುವುದು ನಮ್ಮ ಕಸುಬಿನವರ ಚಪಲ. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಅಚ್ಚಿನಲ್ಲಿ ರೂಪಿಸಿದ ವಸ್ತುವೆಂದು ಅರ್ಥ. ವೈದ್ಯರು ಅದನ್ನು ನೆತ್ತರಿನ ತಿಳಿಗೆ ಹೆಸರಾಗಿ ಇಟ್ಟುಕೊಂಡರು. ೧೯೨೮ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿ, ಗಾಜಿನ ಕೊಳವೆಯೊಳಗಿನ ತೆಳುವಾದ ಅನಿಲದಲ್ಲಿ ವಿದ್ಯುತ್ತನ್ನು ಹರಿಸಿ ಪರೀಕ್ಷಿಸುತ್ತಿರುವಾಗ, ನೆತ್ತರಿನ ತಿಳಿಯು ಕಣಗಳನ್ನು ಹೊತ್ತು ನಡೆಯುವಂತೆ ಈ ಅನಿಲವೂ ವಿದ್ಯುತ್ಕಣಗಳನ್ನು ಹೊತ್ತು ನಡೆಯುತ್ತಿದೆಯಲ್ಲಾ ಎಂದು ಅದೇ ಹೆಸರನ್ನು ಇದಕ್ಕೂ ಕೊಟ್ಟನು. ಯಾವ ಅಚ್ಚಿಗೂ ನಿಲ್ಲದ ವಸ್ತುವಿಗೆ ಅಚ್ಚಿನ ಹೆಸರು ಬಂದದ್ದು ವಿನೋದವೇ ಸರಿ. ವಸ್ತು ಯಾವುದೆಂದರೆ: ಹಿಮಗಡ್ಡೆ ಕಾದು ನೀರಾಗುವುದು, ನೀರು ಕಾದು ಆವಿಯಾಗುವುದು, ಆವಿಯನ್ನೂ ಮತ್ತೆ ಮತ್ತೆ ಕಾಯಿಸುತ್ತ ಹೋದರೆ ಪರಮಾಣುಗಳೇ ಒಡೆದು, ಅವುಗಳ ಮೈಯಿಂದ ಎಲೆಕ್ಟ್ರಾನುಗಳೆಂಬ ಋಣವಿದ್ಯುತ್ತಿನ ಸೂಕ್ಷ್ಮಕಣಗಳು ಕಳಚಿಕೊಳ್ಳುವುವು. ಉಳಿದ ಭಾಗ ಧನವಿದ್ಯುತ್ತುಳ್ಳದ್ದಾಗಿ ಅಯಾನು ಎನಿಸುವುದು. ಹೀಗೆ ಕಳಚಿಕೊಂಡವೂ ಉಳಿದುಕೊಂಡವೂ ಕೂಡಿ ಅಲೆಯುತ್ತಿರುವ ಸಮೂಹವೇ ಪ್ಲಾಸ್ಮಾ. ಮಿಂಚು ಇದರಿಂದಾದದ್ದು, ನಕ್ಷತ್ರಗಳೆಲ್ಲ ಇದರಿಂದಾದವು. ಇಲ್ಲಿ ಪ್ರತಿಯೊಂದು ಕಣವೂ ವಿದ್ಯುತ್ತುಳ್ಳದ್ದಾದುದರಿಂದ ದೂರದಲ್ಲಿರುವ ಕಣವನ್ನೂ ಸೆಳೆಯುವುದು ಅಥವಾ ನೂಕುವುದು. ಅಯಸ್ಕಾಂತದ ಬಲಕ್ಕೆ ಕಟ್ಟುಬಿದ್ದು, ಕಾಂತರೇಖೆಗಳ ಸುತ್ತ ಬಳ್ಳಿಯಂತೆ ಸುತ್ತಿಕೊಂಡು ಸಾಗುವುದು. ಸಾಮಾನ್ಯವಾದ ಗಾಳಿಗೂ ಇದಕ್ಕೂ ಇರುವ ಮುಖ್ಯ ಭೇದ ಇದೇ.

ಸೂರ್ಯನ ಕಿರೀಟ ನಮಗೆ ದಿನವೂ ಕಾಣದು. ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ ಅದರ ಬೆಳಕು; ಬಿಂಬ ಮರೆಯಾದಾಗಲಷ್ಟೆ ಅದಕ್ಕೆ ಅವಕಾಶ. ಹೀಗಾಗಿ ಅದರ ಚರಿತ್ರೆಯೆಲ್ಲ ಗ್ರಹಣಗಳ ಚರಿತ್ರೆಯೇ ಆಗಿದೆ. ಆ ಚರಿತ್ರೆಯ ಒಂದು ಮುಖ್ಯವಾದ ಪರ್ವ ಭರತಖಂಡದಲ್ಲಿಯೇ ನಡೆಯಿತೆಂಬುದನ್ನು ವಾಚಕರು ಕೇಳಬೇಕು. ೧೮೬೮ನೆಯ ಇಸವಿ ಆಗಸ್ಟ್ ೧೮ರಂದು ಖಗ್ರಾಸ ಗ್ರಹಣದ ನೆರಳು ನಮ್ಮ ದೇಶವನ್ನು ಅಡ್ಡಲಾಗಿ ಹಾದುಹೋಯಿತು. ಫ್ರಾನ್ಸಿನಿಂದ ಬಂದ ಜಾನ್ಸೆನ್ ಎಂಬವನು ಗುಂಟೂರಿನಲ್ಲಿ ಬೀಡುಬಿಟ್ಟನು. ಇಂಗ್ಲೆಂಡಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಹರ್ಷೆಲ್, ಹಿಂದೆ ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷೆಲನ ಮೊಮ್ಮಗನು, ಉಪಕರಣಗಳನ್ನು ಹೂಡಿಕೊಂಡು ಕುಳಿತದ್ದು ನಮ್ಮ ಜಮಖಂಡಿಯಲ್ಲಿ. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಬಣ್ಣವಾಗಿ ಬಿಡಿಸಿ ನೋಡುವ ವಿದ್ಯೆ ಆಗ ಹೊಸದು. ಒಂದೊಂದು ಮೂಲವಸ್ತುವೂ ಕಾದಾಗ ತನ್ನದೇ ಆದ ಬಣ್ಣದ ಗೆರೆಗಳನ್ನು ಸೂಸುವುದೆಂಬುದನ್ನು ಜರ್ಮನಿಯ ಕಿರ್ಖಾಫ್ ಬುನ್ಸೆನ್ ಎಂಬಿಬ್ಬರು ಅದಕ್ಕೆ ಎಂಟೊಂಬತ್ತು ವರ್ಷಗಳ ಹಿಂದೆಯಷ್ಟೆ ಸ್ಥಾಪಿಸಿದ್ದರು. ಗೆರೆಗಳೆಂದರೆ ವಸ್ತುವಿನ ರುಜುವೆಂದೇ ತಿಳಿಯಬಹುದು.

ಆ ದಿನ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹಳದಿಯ ಬಣ್ಣದ ಒಂದು ಗೆರೆ ಕಂಡಿತು. ಮೊದಲು ಅದನ್ನು ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಂ ಎಂಬುದರ ಗೆರೆಯೆಂದೇ ಎಣಿಸಿದರು. ಎರಡು ತಿಂಗಳ ತರುವಾಯ ಇಂಗ್ಲೆಂಡಿನಲ್ಲಿ ಲಾಕಿಯರ್ ಎಂಬವನು ಅದರ ಸ್ಥಾನವನ್ನು ಚೆನ್ನಾಗಿ ಅಳೆದು, ಇದು ಸೋಡಿಯಂ ಅಲ್ಲ, ಭೂಮಿಯ ಮೇಲೆ ತಿಳಿದ ಯಾವ ವಸ್ತುವಿನದೂ ಅಲ್ಲ ಎಂದು ಕಂಡನು. ಹಾಗಾದರೆ ಇದು ಹೊಸದೊಂದು ಮೂಲವಸ್ತುವೇ ಆಗಿರಬೇಕೆಂದು ಊಹಿಸಿ, ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ನಾಮಕರಣವಾಯಿತು. ನಕ್ಕವರು ಅನೇಕರು. ೧೮೯೫ರಲ್ಲಿ ರ‍್ಯಾಮ್ಸೆ ಎಂಬವನು ಭೂಮಿಯ ಒಂದು ಖನಿಜದಿಂದಲೇ ಹೀಲಿಯಮ್ಮನ್ನು ಹೊರಗೆ ತೆಗೆದಾಗ ನಗು ನಿಂತಿತು.

ಇದರ ಬೆನ್ನಲ್ಲೇ ೧೮೬೯ರ ಆಗಸ್ಟ್ ೭ರಂದು ಅಮೆರಿಕದಲ್ಲಿ ಮತ್ತೊಂದು ಗ್ರಹಣವಾಯಿತು. ಅಂದು ಯಂಗ್, ಹಾರ್ಕ್‌ನೆಸ್ ಎಂಬ ಇಬ್ಬರು ಬೇರೆ ಬೇರೆ ಊರುಗಳಲ್ಲಿ ನಿಂತು, ಜ್ವಾಲೆಯಲ್ಲಲ್ಲ, ಕಿರೀಟದಲ್ಲಿಯೇ ಒಂದು ಹಸಿರು ಗೆರೆಯನ್ನು ಕಂಡರು. ಇಂದಿನ ಅಳತೆಯಲ್ಲಿ ಆ ಬೆಳಕಿನ ತರಂಗದ ಉದ್ದ ೫೩೦.೩ ನ್ಯಾನೊಮೀಟರು. ಇದೂ ಕೂಡ ಭೂಮಿಯ ಮೇಲಿನ ಯಾವ ವಸ್ತುವಿನ ಗೆರೆಗೂ ಹೊಂದಲಿಲ್ಲ. ಹಳದಿಯ ಗೆರೆಗೆ ಹೊಸ ವಸ್ತು ಕಾರಣವೆಂದು ಊಹಿಸಿದ ಮೇಲೆ ಹಸಿರು ಗೆರೆಗೂ ಇನ್ನೊಂದು ಹೊಸ ವಸ್ತು ಕಾರಣವೆಂದೇ ಊಹಿಸಬೇಕಷ್ಟೆ! ಅದಕ್ಕೆ ಕರೋನಿಯಂ ಎಂದು ಹೆಸರಾಯಿತು. ಮೂಲವಸ್ತುಗಳನ್ನೆಲ್ಲ ಸಾಲಾಗಿ ಕೂರಿಸಿದ ಮೆಂಡೆಲೀಫನಂತಹ ಮಹಾಪುರುಷನೂ ತನ್ನ ಮುಪ್ಪಿನ ಕಾಲದಲ್ಲಿ ಅದಕ್ಕೊಂದು ಪೀಠವನ್ನು ಕಲ್ಪಿಸಿ, ಜಲಜನಕಕ್ಕಿಂತಲೂ ಹಗುರವೆಂದು ತೂಕವನ್ನೂ ಗೊತ್ತುಮಾಡಿದನು. ಎಪ್ಪತ್ತು ವರ್ಷಗಳ ಕಾಲ ಈ ಕರೋನಿಯಂ ಪುಸ್ತಕಗಳಲ್ಲಿ ಬಾಳಿತು. ಅಂತಹ ವಸ್ತುವೊಂದು ಜಗತ್ತಿನಲ್ಲಿಯೇ ಇಲ್ಲ.

ತರ್ಕವನ್ನು ಓದಿದವನಿಗೆ ಇಲ್ಲಿಯೇ ಕುಳಿತುಬಿಡಬೇಕೆನ್ನಿಸುವುದು. ಒಂದೇ ಹೇತು, ಒಂದೇ ಬಗೆಯ ಅನುಮಾನ; ಒಂದು ವರ್ಷದ ಅಂತರದಲ್ಲಿ ಒಂದೆಡೆ ನಿಜವಾಯಿತು, ಮತ್ತೊಂದೆಡೆ ಸುಳ್ಳಾಯಿತು. "ತಿಳಿದ ಯಾವ ಗೆರೆಗೂ ಹೊಂದದಿರುವಿಕೆ" ಎಂಬ ಹೇತುವು ಹೊಸ ವಸ್ತುವಿರುವಲ್ಲಿಯೂ ಉಂಟು, ಇಲ್ಲದಿರುವಲ್ಲಿಯೂ ಉಂಟು. ಇದನ್ನೇ ಅಲ್ಲವೆ ನಮ್ಮವರು ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ಹೇಳಿದ್ದು? ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಯಾವನಾದರೂ ಸಾಧಿಸಹೊರಟರೆ, ಕಟ್ಟಿಗೆ ಹಸಿಯಾಗಿದ್ದರೆ ಮಾತ್ರ ಎಂಬ ಉಪಾಧಿಯನ್ನು ತೋರಿಸಿ ಅವನನ್ನು ನಿಲ್ಲಿಸುವುದು ಪಾಠಶಾಲೆಯ ಹುಡುಗರಿಗೂ ಗೊತ್ತು. ಇಲ್ಲಿಯೂ ಅಂತಹ ಉಪಾಧಿಯೊಂದು ಅಡಗಿತ್ತು. ನಮಗೆ ತಿಳಿದ ವಸ್ತುವೇ ನಾವೆಂದೂ ನೋಡದ ಸ್ಥಿತಿಯಲ್ಲಿದ್ದರೆ ಅದರ ರುಜು ಬೇರೆಯಾಗಬಹುದು ಎಂಬುದೇ ಅದು. ಆ ಉಪಾಧಿ ಯಾವುದೆಂದು ತೋರಿಸುವುದಕ್ಕೆ ಬೇಕಾದ ಬೀಗದ ಕೈಯನ್ನು ಮೊದಲು ಎರಕ ಹೊಯ್ದವರು ನಮ್ಮ ದೇಶದವರು.

ಅವರೇ ಮೇಘನಾದ ಸಹಾ. ಢಾಕಾ ನಗರದ ಸಮೀಪದ ಒಂದು ಹಳ್ಳಿಯಲ್ಲಿ ೧೮೯೩ರಲ್ಲಿ ಸಣ್ಣ ಅಂಗಡಿಕಾರನೊಬ್ಬನ ಮಗನಾಗಿ ಹುಟ್ಟಿ, ಬಡತನದಲ್ಲಿಯೇ ಓದಿ, ಕಲ್ಕತ್ತೆಯಲ್ಲಿ ಅಧ್ಯಾಪಕರಾಗಿದ್ದ ಈ ಮಹನೀಯರು ೧೯೨೦ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಇಷ್ಟು ಉಷ್ಣತೆಯಲ್ಲಿ, ಇಷ್ಟು ಒತ್ತಡದಲ್ಲಿ, ಒಂದು ವಸ್ತುವಿನ ಪರಮಾಣುಗಳಲ್ಲಿ ಎಷ್ಟು ಪಾಲು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುವುವು ಎಂಬುದನ್ನು ಆ ಸೂತ್ರದಿಂದ ಲೆಕ್ಕ ಹಾಕಬಹುದು. ಉಷ್ಣತೆ ಹೆಚ್ಚಿದರೆ ಕಳಚುವಿಕೆ ಹೆಚ್ಚುವುದೆಂಬುದು ಯಾರಿಗಾದರೂ ತೋಚಬಹುದು. ಒತ್ತಡ ತಗ್ಗಿದರೂ ಹೆಚ್ಚುವುದೆಂಬುದು ಅವರು ತೋರಿಸಿಕೊಟ್ಟ ವಿಶೇಷ. ಕಳಚಿಹೋದ ಎಲೆಕ್ಟ್ರಾನಿಗೆ ತೆಳುವಾದ ಅನಿಲದಲ್ಲಿ ಮತ್ತೆ ಜೊತೆ ಸಿಕ್ಕುವುದು ದುರ್ಲಭ. ಅದುವರೆಗೆ ಗೋಜಲಾಗಿದ್ದ ನಕ್ಷತ್ರಗಳ ಗೆರೆಗಳೆಲ್ಲ ಈ ಒಂದು ಸೂತ್ರದಿಂದ ಸಾಲಾಗಿ ನಿಂತುವು. ಒಂದೇ ವಸ್ತು ತನ್ನ ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ರುಜು ಹಾಕುವುದೆಂಬುದು ಖಚಿತವಾಯಿತು.

ಈ ಸಹಾ ಅವರೇ ಮುಂದೆ ಬಂಗಾಳಿಯ ಒಂದು ಮಾಸಪತ್ರಿಕೆಯಲ್ಲಿ ಬರೆದ ಪ್ರಸಂಗವೊಂದುಂಟು. ಅವರು ಢಾಕೆಗೆ ಹೋಗಿದ್ದಾಗ ವೃದ್ಧ ವಕೀಲರೊಬ್ಬರು ಅವರ ಸಂಶೋಧನೆಯ ವಿಷಯವನ್ನು ವಿಚಾರಿಸಿದರಂತೆ. ಇವರು ಉತ್ಸಾಹದಿಂದ ವಿವರಿಸುತ್ತಿರಲು, ವಕೀಲರು ನಡುನಡುವೆ, ಇದರಲ್ಲಿ ಹೊಸದೇನು, ಎಲ್ಲವೂ ವೇದದಲ್ಲಿದೆ ಎನ್ನುತ್ತಿದ್ದರಂತೆ. ಯಾವ ಭಾಗದಲ್ಲಿದೆಯೆಂದು ಇವರು ವಿನಯದಿಂದ ಕೇಳಿದಾಗ, ತಾವು ವೇದವನ್ನು ಓದಿಲ್ಲವೆಂದೂ ಆದರೂ ಎಲ್ಲವೂ ಅದರಲ್ಲಿರುವುದೆಂಬುದರಲ್ಲಿ ಸಂದೇಹವಿಲ್ಲವೆಂದೂ ಉತ್ತರ ಬಂದಿತು. ಸಹಾ ಅವರು ಆಮೇಲೆ ಬಹುಕಾಲ ವೇದಪುರಾಣಗಳನ್ನೂ ಜ್ಯೋತಿಷಗ್ರಂಥಗಳನ್ನೂ ತಾವೇ ಹುಡುಕಿ ನೋಡಿ, ತಮ್ಮ ಸೂತ್ರ ಅಲ್ಲೆಲ್ಲಿಯೂ ಕಾಣಲಿಲ್ಲವೆಂದು ಬರೆದರು. ಓದದವರು ಇದೆಯೆಂದರು, ಇಲ್ಲವೆಂದು ಹೇಳುವುದಕ್ಕೆ ಓದಬೇಕಾಯಿತು.

ಈಗ ನನ್ನ ಎರಡನೆಯ ಕಾರಣ. ಸಿದ್ಧಾರ್ಥಿ ಸಂವತ್ಸರದ ಮಾಘ ಬಹುಳ ಅಮಾವಾಸ್ಯೆ, ಎಂದರೆ ೧೯೮೦ನೆಯ ಇಸವಿ ಫೆಬ್ರವರಿ ೧೬ ಶನಿವಾರ, ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರ, ಹುಬ್ಬಳ್ಳಿ, ರಾಯಚೂರು ಸೀಮೆಗಳ ಮೇಲೆ ಹಾದು ಪೂರ್ವಕ್ಕೆ ಹೋಯಿತು. ಆಗ ನಾನು ತುಂಗಭದ್ರೆಯ ದಡದ ಒಂದು ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಮುಗಿಸಿ ಮುಕ್ತಾವಳಿಗೆ ಕೈಯಿಟ್ಟಿದ್ದ ವಿದ್ಯಾರ್ಥಿ. ಸ್ಪರ್ಶಕಾಲಕ್ಕೆ ಸ್ನಾನ ಮಾಡಿ ನಾವು ಹತ್ತು ಹನ್ನೆರಡು ಜನ ಗುರುಗಳೊಡನೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಜಪ ಮಾಡುತ್ತಿದ್ದೆವು. ಊರಿನಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಮಧ್ಯಾಹ್ನದ ಇಳಿಹೊತ್ತಿನಲ್ಲಿ ಬಿಸಿಲು ಹಿತ್ತಾಳೆಯ ಬಣ್ಣಕ್ಕೆ ತಿರುಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಕಾಗೆಗಳು ಆಲದ ಮರಕ್ಕೆ ಮರಳಿದುವು. ನೀರು ಒಮ್ಮೆಲೆ ತಣ್ಣಗಾದಂತೆ ತೋರಿತು. ಬಿಂಬ ಪೂರ್ತಿಯಾಗಿ ಮುಚ್ಚಿದ ಕ್ಷಣದಲ್ಲಿ ಗುರುಗಳೇ, "ಈಗ ತಲೆಯೆತ್ತಿ ನೋಡಿರಪ್ಪಾ, ಈಗ ನೋಡಬಹುದು" ಎಂದರು. ನೋಡಿದೆವು. ಕಪ್ಪಾದ ಬಿಂಬದ ಸುತ್ತಲೂ ಬೆಳ್ಳಿಯ ಬಣ್ಣದ ಎಳೆಗಳು ಎಲ್ಲ ದಿಕ್ಕಿಗೂ ಸಮನಾಗಿ ಚಾಚಿಕೊಂಡು, ಆಕಾಶದಲ್ಲಿ ಕದಂಬದ ಹೂವೊಂದು ಅರಳಿದಂತಿತ್ತು. ಎರಡೂವರೆ ಮೂರು ನಿಮಿಷಗಳಷ್ಟೆ. ಮೋಕ್ಷಸ್ನಾನವಾದ ಮೇಲೆ ದಾರಿಯಲ್ಲಿ ನಾನು, "ಗುರುಗಳೇ, ಅದೇನು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಡೆದು, "ನಾನೂ ಇಂದೇ ಕಂಡದ್ದಪ್ಪಾ. ಗ್ರಹಣದ ಕಾಲವನ್ನು ಘಳಿಗೆ ವಿಘಳಿಗೆಯಾಗಿ ಗಣಿಸುವ ಗ್ರಂಥಗಳನ್ನು ಓದಿದ್ದೇನೆ. ಈ ಹೂವಿನ ಮಾತು ನಾನು ಓದಿದ ಮಟ್ಟಿಗೆ ಎಲ್ಲಿಯೂ ಇಲ್ಲ. ಗೊತ್ತಿದ್ದವರು ಇರುವರು, ಕೇಳಿ ತಿಳಿದುಕೋ" ಎಂದರು. ಕದಂಬದ ಆಕಾರವೇಕೆ ಬಂದಿತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಸೂರ್ಯನ ಕಲೆಗಳು ಹೆಚ್ಚಿ ತಗ್ಗುವುವು. ೧೯೮೦ರ ಸುಮಾರಿಗೆ ಅವು ಏರಿದ್ದುವು. ಆಗ ಕಾಂತರೇಖೆಗಳು ಎಲ್ಲ ಕಡೆಯಿಂದಲೂ ಎದ್ದು ನಿಲ್ಲುವುದರಿಂದ ಕಿರೀಟ ದುಂಡಗೆ ಕಾಣುವುದು. ಕಲೆಗಳು ತಗ್ಗಿದ ವರ್ಷಗಳಲ್ಲಿ ಅದು ಸೂರ್ಯನ ನಡುಭಾಗದ ಎರಡು ಬದಿಗಳಿಗೆ ಮಾತ್ರ ರೆಕ್ಕೆಗಳಂತೆ ಚಾಚಿಕೊಂಡಿರುವುದು.

ಹಸಿರು ಗೆರೆಯ ಕಥೆಗೆ ಬರೋಣ. ೧೯೩೯ರಲ್ಲಿ ಜರ್ಮನಿಯ ಗ್ರೋಟ್ರಿಯನ್ ಎಂಬವನು ಕಿರೀಟದ ಬೇರೆರಡು ಗೆರೆಗಳು ಬಹಳ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ ಲೆಕ್ಕಕ್ಕೆ ಸರಿಹೋಗುವುದನ್ನು ಗಮನಿಸಿದನು. ಮುಂದಿನ ಎರಡು ಮೂರು ವರ್ಷಗಳಲ್ಲಿ ಸ್ವೀಡನ್ ದೇಶದ ಎಡ್ಲೆನ್ ಎಂಬ ಪಂಡಿತನು, ತನ್ನ ಪ್ರಯೋಗಶಾಲೆಯಲ್ಲಿ ವಿದ್ಯುತ್ತಿನ ಕಿಡಿಯಿಂದ ಲೋಹಗಳನ್ನು ಸುಲಿದು ಪಡೆದ ಅಳತೆಗಳ ಬಲದಿಂದ, ಹಸಿರು ಗೆರೆಯನ್ನೂ ಸೇರಿಸಿ ಉಳಿದವುಗಳ ರಹಸ್ಯವನ್ನು ಬಿಡಿಸಿದನು. ಕರೋನಿಯಂ ಎಂದು ಮೆರೆದದ್ದು ನಮ್ಮ ಕುಡುಗೋಲಿನ, ನಮ್ಮ ದೋಸೆಯ ಹೆಂಚಿನ ಕಬ್ಬಿಣ! ಕಬ್ಬಿಣದ ಪರಮಾಣುವಿಗೆ ಇಪ್ಪತ್ತಾರು ಎಲೆಕ್ಟ್ರಾನುಗಳು. ಅವುಗಳಲ್ಲಿ ಸರಿಯಾಗಿ ಅರ್ಧ, ಹದಿಮೂರು, ಕಳಚಿಹೋದಾಗ ಅದು ಈ ಹಸಿರು ಬೆಳಕನ್ನು ಸೂಸುವುದು. ಅದೂ ಅತ್ಯಂತ ವಿರಳವಾದ ಸ್ಥಳದಲ್ಲಿ ಮಾತ್ರ. ಏಕೆಂದರೆ ಈ ಬೆಳಕನ್ನು ಬಿಡುವುದಕ್ಕೆ ಆ ಅಯಾನು ತುಸು ಕಾಲ ಯಾರ ಡಿಕ್ಕಿಯೂ ಇಲ್ಲದೆ ಒಂಟಿಯಾಗಿರಬೇಕು. ಕಬ್ಬಿಣವನ್ನು ಹೀಗೆ ಅರ್ಧಕ್ಕೆ ಸುಲಿಯಬೇಕಾದರೆ ಅಲ್ಲಿಯ ಉಷ್ಣತೆ ಹದಿನೆಂಟು ಇಪ್ಪತ್ತು ಲಕ್ಷ ಡಿಗ್ರಿಯಷ್ಟಿರಬೇಕು. ಒಂದು ಒಗಟು ಬಿಡಿಸಿಕೊಂಡಿತು. ಅದರ ಹೊಟ್ಟೆಯಿಂದ ನಾನು ಮೊದಲಲ್ಲಿ ಹೇಳಿದ ಒಗಟು ಹುಟ್ಟಿತು.

ಇಷ್ಟನ್ನು ತಿಳಿದ ಮೇಲೆ ಸಭೆಯ ಮಹನೀಯರಿಗೆ ಉತ್ತರ ಹೇಳಬಹುದು. ಅನ್ನಂಭಟ್ಟರ ತರ್ಕಸಂಗ್ರಹವು ತೇಜಸ್ಸಿನ ಲಕ್ಷಣವನ್ನು ಹೇಳುವಾಗ ಉಷ್ಣಸ್ಪರ್ಶವಿರುವುದೇ ತೇಜಸ್ಸೆನ್ನುವುದು. ವಿಷಯರೂಪವಾದ ತೇಜಸ್ಸನ್ನು ನಾಲ್ಕಾಗಿ ವಿಂಗಡಿಸಿ, ಭೂಮಿಯ ಬೆಂಕಿಯನ್ನೂ, ಮಿಂಚು ಮೊದಲಾದ ದಿವ್ಯವನ್ನೂ, ಅನ್ನವನ್ನು ಜೀರ್ಣಿಸುವ ಜಠರಾಗ್ನಿಯನ್ನೂ, ಗಣಿಯಲ್ಲಿ ಹುಟ್ಟುವ ಚಿನ್ನವನ್ನೂ ಅದರಲ್ಲಿ ಸೇರಿಸುವುದು. ಮಿಂಚು ಪ್ಲಾಸ್ಮಾ ಎಂಬುದು ನಿಜ. ಆದರೆ ಚಿನ್ನ? ಜಠರಾಗ್ನಿ? ಅದಿರಲಿ, ಲಕ್ಷಣವನ್ನೇ ಹಿಡಿಯೋಣ. ಸೂರ್ಯನ ಕಿರೀಟ ನಾವು ಉಸಿರಾಡುವ ಗಾಳಿಗಿಂತ ಸಾವಿರ ಕೋಟಿ ಪಾಲು ತೆಳು. ಅಲ್ಲಿ ಒಂದೊಂದು ಕಣದ ವೇಗ ಅತ್ಯಧಿಕ. ಉಷ್ಣತೆಯೆಂದರೆ ಆ ವೇಗದ ಅಳತೆ. ಕಣಗಳ ಸಂಖ್ಯೆಯಾದರೋ ಅತ್ಯಲ್ಪ. ದೀಪಾವಳಿಯ ಸುರುಸುರುಬತ್ತಿಯ ಕಿಡಿಗಳು ಕುದಿಯುವ ನೀರಿಗಿಂತ ಎಷ್ಟೋ ಪಾಲು ಕಾದಿದ್ದರೂ ಮಗುವಿನ ಕೈಮೇಲೆ ಬಿದ್ದರೆ ಚುರುಕ್ ಎಂದು ಆರಿಹೋಗುವುವು. ಕುದಿಯುವ ನೀರು ಒಂದು ಸೌಟು ಬಿದ್ದರೆ ತೊಗಲೇ ಏಳುವುದು. ಅಮೆರಿಕದವರು ೨೦೧೮ರಲ್ಲಿ ಹಾರಿಸಿದ ಪಾರ್ಕರ್ ಎಂಬ ನೌಕೆ ೨೦೨೧ರಲ್ಲಿ ಮೊದಲ ಬಾರಿಗೆ ಈ ಕಿರೀಟದೊಳಕ್ಕೆ ಹೊಕ್ಕು, ೨೦೨೪ರ ಡಿಸೆಂಬರ್ ೨೪ರಂದು ಸೂರ್ಯನಿಂದ ಸುಮಾರು ೬೧ ಲಕ್ಷ ಕಿಲೋಮೀಟರುಗಳಷ್ಟು ಹತ್ತಿರದಲ್ಲಿ ಹಾದುಬಂದಿತು. ಅದರ ಮುಂದಿನ ಗುರಾಣಿ ಕಾದದ್ದು ಸುಮಾರು ಸಾವಿರ ಡಿಗ್ರಿಗೆ. ಅದೂ ಬಿಂಬದ 'ಬಿಸಿಲಿ'ನಿಂದಲೇ ಹೊರತು ಹತ್ತು ಲಕ್ಷ ಡಿಗ್ರಿಯ ಕಿರೀಟದ ಸ್ಪರ್ಶದಿಂದಲ್ಲ. ಸ್ಪರ್ಶಕ್ಕೆ ಸುಡದ ವಸ್ತುವಿಗೆ ಉಷ್ಣಸ್ಪರ್ಶದ ಲಕ್ಷಣ ಹೇಗೆ ಹೊಂದುವುದು? ಚಿನ್ನದ ಉಷ್ಣಸ್ಪರ್ಶ ಪಾರ್ಥಿವಾಂಶದಿಂದ ಮರೆಯಾಗಿದೆಯೆಂದು ನೈಯಾಯಿಕರು ಸಮಾಧಾನ ಹೇಳಿದ್ದುಂಟು. ಇಲ್ಲಿ ಮರೆಮಾಡುವುದಕ್ಕೆ ಯಾವ ಪಾರ್ಥಿವವೂ ಇಲ್ಲ. ಲಕ್ಷಣವನ್ನು ಹೀಗೆ ಒರೆಗೆ ಹಚ್ಚಿ ನೋಡುವುದನ್ನು ನನಗೆ ಕಲಿಸಿದ್ದು ಆ ಗ್ರಂಥವೇ. ಅದನ್ನೇ ಹಿಡಿದುಕೊಂಡು, ಅದು ಹೇಳದ ಮಾತನ್ನು ಅದರ ಬಾಯಲ್ಲಿ ಇಡುವುದಕ್ಕೆ ನನಗೆ ಮನಸ್ಸು ಬಾರದು.

ಹಾಗಾದರೆ ಕಿರೀಟ ಕಾದದ್ದು ಹೇಗೆ? ತಂಪಿನಿಂದ ಬಿಸಿಗೆ ಶಾಖ ತಾನಾಗಿ ಹರಿಯದು; ಆ ವ್ಯಾಪ್ತಿ ಇಂದಿಗೂ ಮುರಿದಿಲ್ಲ. ಆದುದರಿಂದ ಬಿಂಬದಿಂದ ಮೇಲಕ್ಕೆ ಹೋಗುತ್ತಿರುವುದು ಶಾಖವಲ್ಲ, ಬೇರೇನೋ ಹೋಗಿ ಅಲ್ಲಿ ಶಾಖವಾಗುತ್ತಿದೆ. ಇದಕ್ಕೆ ಯಜ್ಞಶಾಲೆಯ ಅರಣಿಮಂಥನಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತಿಳಿಯದು. ಕಡೆಯುವವನ ಕೈ ಬೆಚ್ಚಗಿದೆಯಷ್ಟೆ, ಹಗ್ಗ ತಣ್ಣಗಿದೆ. ಆದರೂ ಕಟ್ಟಿಗೆಯ ತುದಿಯಲ್ಲಿ ಬೆಂಕಿ ಹುಟ್ಟುವುದು. ಹೋದದ್ದು ಚಲನೆ, ಆದದ್ದು ಅಗ್ನಿ. ಸೂರ್ಯನ ಮೇಲ್ಮೈ ಕುದಿಯುವ ಅನ್ನದಂತೆ ಸದಾ ಹೊರಳಾಡುತ್ತಿರುವುದು. ಅದರಲ್ಲಿ ಬೇರೂರಿದ ಕಾಂತರೇಖೆಗಳು ಅದರೊಡನೆ ಅಲುಗುವುವು. ಇಲ್ಲಿಂದ ಮುಂದೆ ಎರಡು ಮತಗಳು. ಮೀಟಿದ ವೀಣೆಯ ತಂತಿಯಂತೆ ಆ ರೇಖೆಗಳಲ್ಲಿ ಅಲೆಗಳೆದ್ದು ಮೇಲೇರಿ ಅಲ್ಲಿ ಅಡಗಿ ಶಾಖವಾಗುವುದೆಂದು ಒಂದು ಮತ. ಇಂತಹ ಅಲೆಗಳುಂಟೆಂದು ೧೯೪೨ರಲ್ಲಿ ಮೊದಲು ಹೇಳಿದವನು ಸ್ವೀಡನ್ನಿನ ಆಲ್ಫ್‌ವೆನ್. ಹಗ್ಗ ಹೊಸೆಯುವಾಗ ಹುರಿ ಅತಿಯಾದರೆ ಎಳೆಗಳು ಗಂಟುಬಿದ್ದು ಪಟಕ್ಕನೆ ಹರಿಯುವಂತೆ, ಕಾಂತರೇಖೆಗಳು ಹೆಣೆದುಕೊಂಡು ಅಲ್ಲಲ್ಲಿ ಕಡಿದು ಕೂಡುವಾಗ ಲೆಕ್ಕವಿಲ್ಲದಷ್ಟು ಸಣ್ಣ ಸ್ಫೋಟಗಳಾಗಿ ಕಿರೀಟ ಕಾಯುವುದೆಂದು ಇನ್ನೊಂದು ಮತ. ಇದನ್ನು ೧೯೮೮ರಲ್ಲಿ ಪ್ರತಿಪಾದಿಸಿದವನು ಯೂಜೀನ್ ಪಾರ್ಕರ್. ಮೇಲೆ ಹೇಳಿದ ನೌಕೆಗೆ ಇವನ ಹೆಸರೇ.

ಪಾರ್ಕರನ ಮಾತು ಬಂದುದರಿಂದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಇಷ್ಟು ಕಾದ ಕಿರೀಟ ಸುಮ್ಮನಿರಲಾರದು, ಕದಂಬಗೋಲಕನ್ಯಾಯದಂತೆ ಎಲ್ಲ ದಿಕ್ಕಿಗೂ ಬೀಸಿಹೋಗುತ್ತಲೇ ಇರಬೇಕೆಂದು ಆತನು ೧೯೫೮ರಲ್ಲಿ ಲೆಕ್ಕ ಹಾಕಿ ತೋರಿಸಿದನು. ಅದನ್ನೇ ಇಂದು ಸೌರಮಾರುತವೆನ್ನುವುದು. ಪ್ರಬಂಧವನ್ನು ಪರಿಶೀಲಿಸಿದ ಇಬ್ಬರು ಪಂಡಿತರೂ ಇದು ಸಲ್ಲದೆಂದು ತಳ್ಳಿಹಾಕಿದರು. ಆಗ ಆ ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ಸಿದ್ಧಾಂತ ರುಚಿಸಿರಲಿಲ್ಲ. ಆದರೆ ಪರಿಶೀಲಕರು ಗಣಿತದಲ್ಲಿ ಒಂದು ದೋಷವನ್ನೂ ತೋರಿಸಿಲ್ಲವೆಂಬುದನ್ನು ಕಂಡು, ಅವರ ಮಾತನ್ನು ಬದಿಗಿಟ್ಟು ಪ್ರಬಂಧವನ್ನು ಅಚ್ಚು ಹಾಕಿಸಿದರು. ನಾಲ್ಕು ವರ್ಷಗಳಲ್ಲಿ, ೧೯೬೨ರಲ್ಲಿ, ಶುಕ್ರಗ್ರಹದ ಕಡೆಗೆ ಹೊರಟ ನೌಕೆಯೊಂದು ಸೌರಮಾರುತವನ್ನು ದಾರಿಯುದ್ದಕ್ಕೂ ಅಳೆದು ತೋರಿಸಿತು. ಎದುರಾಳಿಯ ಪಕ್ಷ ತನಗೆ ಸೇರದಿದ್ದರೂ ಹೇತುವಿನಲ್ಲಿ ದೋಷ ಕಾಣದಿದ್ದ ಮೇಲೆ ಅದಕ್ಕೆ ಸಭೆಯಲ್ಲಿ ಸ್ಥಾನ ಕೊಡುವುದನ್ನು ನಮ್ಮವರು ವಾದವೆಂದರು. ಗೆಲುವೊಂದನ್ನೇ ನೋಡುವುದನ್ನು ಜಲ್ಪವೆಂದರು. ಚಂದ್ರಶೇಖರ್ ನಡೆಸಿದ್ದು ವಾದ. ನಮ್ಮ ಸಭೆಗಳಲ್ಲಿ ನಡೆಯುವುದು ಯಾವುದೆಂದು ನಾನು ಹೇಳುವುದಿಲ್ಲ.

ಭೂಮಿಯ ಮೇಲೆಯೂ ಈ ಪ್ಲಾಸ್ಮಾವನ್ನು ಸೃಷ್ಟಿಸಿ, ಸೂರ್ಯನ ಗರ್ಭದಲ್ಲಿ ಆಗುವಂತೆ ಹಗುರವಾದ ಪರಮಾಣುಗಳನ್ನು ಬೆಸೆದು ಶಕ್ತಿಯನ್ನು ಪಡೆಯುವ ಯತ್ನ ನಡೆದಿದೆ. ಗುಜರಾತಿನ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ ೧೯೮೯ರಿಂದ ಕೆಲಸ ಮಾಡಿದ ಒಂದು ಯಂತ್ರ, ಬಳೆಯಾಕಾರದ ಕೊಠಡಿಯಲ್ಲಿ ಪ್ಲಾಸ್ಮಾವನ್ನು ಕಾಂತಬಲದಿಂದ ಕಟ್ಟಿಹಾಕುವಂತಹುದು. ಅದಕ್ಕೆ ಇಟ್ಟ ಹೆಸರು ಆದಿತ್ಯ. ಅದಿತಿಯೆಂದರೆ ಕಟ್ಟಿಲ್ಲದವಳು, ಅವಳ ಮಗನ ಹೆಸರನ್ನು ಕಟ್ಟುವ ಯಂತ್ರಕ್ಕೆ ಇಟ್ಟಿದ್ದಾರೆ. ಅಲ್ಲಿಯ ಕಷ್ಟ ಸೂರ್ಯನ ಕಿರೀಟಕ್ಕೆ ತಲೆಕೆಳಗಾದದ್ದು. ಅಲ್ಲಿ ಯಾರೂ ಕಾಯಿಸದೆ ಕಾದಂತೆ ತೋರುವುದು. ಇಲ್ಲಿ ಎಷ್ಟು ಕಾಯಿಸಿದರೂ ಶಾಖ ಸುಳಿಸುಳಿಯಾಗಿ ನುಸುಳಿ ಹೋಗುವುದು. ಈ ಸುಳಿಗಳ ಶಾಸ್ತ್ರವೇ ಒಂದು ಮಹಾಗ್ರಂಥ; ಅದನ್ನು ಬಲ್ಲವರಿಗೇ ಬಿಡುತ್ತೇನೆ.

ಇನ್ನೊಂದು ಆದಿತ್ಯ ೨೦೨೩ರ ಸೆಪ್ಟೆಂಬರ್ ೨ರಂದು ಶ್ರೀಹರಿಕೋಟೆಯಿಂದ ಮೇಲಕ್ಕೆ ಹೋಯಿತು. ಭೂಮಿಯಿಂದ ೧೫ ಲಕ್ಷ ಕಿಲೋಮೀಟರು ಸೂರ್ಯನ ಕಡೆಗೆ, ಎಲ್-೧ ಎಂಬ ಬಿಂದುವಿನ ಸುತ್ತಣ ಕಕ್ಷೆಯನ್ನು ೨೦೨೪ರ ಜನವರಿ ೬ರಂದು ಸೇರಿತು. ಅದರಲ್ಲಿರುವ ಏಳು ಉಪಕರಣಗಳಲ್ಲಿ ಮುಖ್ಯವಾದುದನ್ನು ರಚಿಸಿದವರು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯವರು. ಹೊಸಕೋಟೆಯ ತಮ್ಮ ಆವರಣದಲ್ಲಿ ಧೂಳಿಗೆ ಎಡೆಯಿಲ್ಲದ ಕೋಣೆಯೊಳಗೆ ಅದನ್ನು ಜೋಡಿಸಿದರು. ದೂರದರ್ಶಕದೊಳಗೇ ಬಿಂಬದ ಬೆಳಕನ್ನು ಮರೆಮಾಡಿ ಕಿರೀಟವನ್ನು ಮಾತ್ರ ನೋಡುವ ಉಪಾಯ ಅದರಲ್ಲಿದೆ. ಇದನ್ನು ಮೊದಲು ಹೂಡಿದವನು ಫ್ರಾನ್ಸಿನ ಲ್ಯೋ ಎಂಬವನು, ೧೯೩೦ರ ಸುಮಾರಿನಲ್ಲಿ. ಆ ಉಪಕರಣ ಹಿಡಿಯುವ ಗೆರೆಗಳಲ್ಲಿ ಒಂದು ೫೩೦.೩ರ ಹಸಿರು ಗೆರೆ. ಜಮಖಂಡಿಯಲ್ಲಿ ಹರ್ಷೆಲನಿಗೆ ದೊರೆತ ಕಾಲ ಆರು ನಿಮಿಷವೂ ಇಲ್ಲ, ಅದರಲ್ಲಿಯೂ ಮೋಡಗಳ ಕಾಟ. ಇದಕ್ಕೆ ಮೋಡವೂ ಇಲ್ಲ, ರಾತ್ರಿಯೂ ಇಲ್ಲ. ಕಬ್ಬಿಣದ ಆ ಗೆರೆ ಎಷ್ಟು ಅಗಲವಾಗಿದೆ, ಯಾವ ಕಡೆಗೆ ಎಷ್ಟು ಸರಿದಿದೆ ಎಂಬುದನ್ನು ಅಳೆದರೆ ಅಲ್ಲಿಯ ಕಣಗಳು ಹೇಗೆ ತೊಯ್ದಾಡುತ್ತಿವೆಯೆಂಬುದು ತಿಳಿಯುವುದು. ಅಲೆಗಳ ಮತವೋ ಗಂಟುಗಳ ಮತವೋ, ಎರಡೂ ಎಷ್ಟೆಷ್ಟು ಪಾಲೋ, ಎಂಬುದಕ್ಕೆ ಸಾಕ್ಷಿ ಹೇಳಬೇಕಾದದ್ದು ಇಂತಹ ಅಳತೆಗಳೇ. ಪಂಡಿತರಲ್ಲಿ ಒಮ್ಮತ ಇನ್ನೂ ಆಗಿಲ್ಲ.

೨೦೨೪ರ ಡಿಸೆಂಬರ್ ೫ರಂದು ನಮ್ಮವರ ರಾಕೆಟ್ಟೇ ಯುರೋಪಿನವರ ಒಂದು ಜೋಡಿ ಉಪಗ್ರಹಗಳನ್ನು ಮೇಲಕ್ಕೆ ಕೊಂಡೊಯ್ದಿತು. ಅವಕ್ಕೆ ಪ್ರೋಬಾ-೩ ಎಂದು ಹೆಸರು. ಒಂದು ಮತ್ತೊಂದರ ಮುಂದೆ ಸುಮಾರು ನೂರೈವತ್ತು ಮೀಟರು ದೂರದಲ್ಲಿ ಕದಲದೆ ನಿಂತು, ತನ್ನ ತಟ್ಟೆಯ ನೆರಳನ್ನು ಹಿಂದಿನದರ ದೂರದರ್ಶಕದ ಕಣ್ಣಿನ ಮೇಲೆ ಬೀಳಿಸುವುದು. ಅಮಾವಾಸ್ಯೆಗೆ ಕಾಯದೆ ಗಂಟೆಗಟ್ಟಲೆ ನಿಲ್ಲುವ ಖಗ್ರಾಸವನ್ನು ಮನುಷ್ಯರೇ ಏರ್ಪಡಿಸಿಕೊಂಡಂತಾಯಿತು. ೨೦೨೫ರ ಜೂನ್ ತಿಂಗಳಲ್ಲಿ ಮೊದಲ ಚಿತ್ರಗಳು ಪ್ರಕಟವಾದುವು. ಆ ದೂರದರ್ಶಕದಲ್ಲಿ ಬೆಳಕಿನ ಬೇರೆ ಬೇರೆ ಭಾಗಗಳನ್ನು ಆಯ್ದುಕೊಳ್ಳುವ ಶೋಧಕಗಳಿವೆ. ಒಂದೇ ಗೆರೆಯ ಬೆಳಕನ್ನು ಮಾತ್ರ ಬಿಟ್ಟುಕೊಡುವಂತಹವು ಅವುಗಳಲ್ಲಿ ಎರಡು: ಒಂದು ಹೀಲಿಯಮ್ಮಿನ ಹಳದಿಯ ಗೆರೆಗೆ, ಮತ್ತೊಂದು ಕಬ್ಬಿಣದ ಹಸಿರು ಗೆರೆಗೆ.